ಹಿರಿಯರ ನೋವು, ನಮ್ಮ ಉಸಿರು: ಯಾವ ಬ್ರೆತ್‌ವರ್ಕ್ ಯಾರಿಗೆ?

ಅಜ್ಜನ ಸಿಟ್ಟು ಅಪ್ಪನಿಗೆ ಬಂತು, ಅಪ್ಪನದು ನನಗೆ ಬಂತು, ಇದು ನನ್ನ ಹತ್ತಿರವೇ ನಿಲ್ಲಬೇಕು. ಹೀಗೆ ಯೋಚಿಸುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಅವರಲ್ಲಿ ಹಲವರು ಹುಡುಕುತ್ತಾ ಹುಡುಕುತ್ತಾ ಉಸಿರಾಟದ ಅಭ್ಯಾಸಗಳ, ಅಂದರೆ ಬ್ರೆತ್‌ವರ್ಕ್ ಹತ್ತಿರ ಬರುತ್ತಾರೆ. ಉಸಿರಾಟದ ಮೂಲಕ ಹಿರಿಯರನ್ನು ತಲುಪಬಹುದು, ತಲೆಮಾರುಗಳ ಗಾಯ ಮಾಯುತ್ತದೆ ಎಂಬ ಮಾತು ಅವರನ್ನು ಸೆಳೆಯುತ್ತದೆ. ಗೊಂದಲ ಶುರುವಾಗುವುದು ಆಮೇಲೆ. ಮನೆಯಲ್ಲೇ ಪ್ರಾಣಾಯಾಮ ಮಾಡಿದರೆ ಸಾಕಾ? ಗಂಟೆಗಟ್ಟಲೆ ವೇಗವಾಗಿ ಉಸಿರಾಡಿಸುವ ಹೋಲೋಟ್ರೋಪಿಕ್ ಶಿಬಿರಕ್ಕೆ ಹೋಗಬೇಕಾ? ಹಿರಿಯರ ಹೆಸರಿನಲ್ಲೇ ನಡೆಸುವ ಕೂಟಕ್ಕೆ ಸೇರಬೇಕಾ? ಇಲ್ಲಾ, ಇದೆಲ್ಲ ಬಿಟ್ಟು ಥೆರಪಿಸ್ಟ್ ಹತ್ತಿರ ಹೋಗುವುದೇ ಸರಿಯಾ?

ಎಲ್ಲಕ್ಕೂ ಬ್ರೆತ್‌ವರ್ಕ್ ಅಂತ ಒಂದೇ ಹೆಸರು ಅಂಟಿಸಿರುವುದೇ ತೊಂದರೆ. ಇವುಗಳಲ್ಲಿ ಕೆಲವು ದೇಹವನ್ನು ಶಾಂತ ಮಾಡುತ್ತವೆ, ಕೆಲವು ಬೇಕಂತಲೇ ಕೆದಕುತ್ತವೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಉಸಿರಾಟ ಮನಸ್ಸನ್ನು ಒಂದು ಸ್ಥಿತಿಗೆ ಒಯ್ಯುತ್ತದೆ, ಅಷ್ಟೇ. ಆ ಸ್ಥಿತಿಯಲ್ಲಿ ಕಂಡದ್ದಕ್ಕೆ ಅರ್ಥ ಹಚ್ಚುವುದು, ಅದನ್ನು ಜೀರ್ಣಿಸಿಕೊಳ್ಳುವುದು ಬೇರೆಯೇ ಕೆಲಸ. ಈ ಎರಡನೇ ಕೆಲಸಕ್ಕೆ ಯಾರು ಜೊತೆಗಿರುತ್ತಾರೆ ಎಂದು ನೋಡಿಕೊಂಡು ಆರಿಸಿದರೆ ಬಹಳಷ್ಟು ಗೊಂದಲ ತಾನಾಗಿ ಬಗೆಹರಿಯುತ್ತದೆ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು

ನಿಮಗೆ ನಿಜಕ್ಕೂ ಬೇಕಿರುವುದು ಏನು? ರಾತ್ರಿ ನಿದ್ದೆ ಬರಲಿ, ಚಿಕ್ಕ ಸದ್ದಿಗೂ ಬೆಚ್ಚುವುದು ನಿಲ್ಲಲಿ ಅನ್ನುವುದು ಒಂದು. ಯಾವತ್ತೂ ಅಳದೆ ಒಳಗೇ ಇಟ್ಟುಕೊಂಡದ್ದು ಹೊರಗೆ ಬರಲಿ ಅನ್ನುವುದು ಇನ್ನೊಂದು. ಸತ್ತುಹೋದ ಹಿರಿಯರ ಜೊತೆ ಒಂದು ಸಂಬಂಧ ಬೇಕು, ಅವರು ಪಟ್ಟ ಪಾಡನ್ನು ಒಮ್ಮೆಯಾದರೂ ನೆನೆದು ತಲೆಬಾಗಬೇಕು ಅನ್ನುವುದು ಮತ್ತೊಂದು. ಮೂರೂ ಬೇಕು ಅನಿಸಬಹುದು. ಆದರೂ ಯಾವುದು ಮೊದಲು ಎಂದು ತೀರ್ಮಾನಿಸಿ. ಒಂದಕ್ಕೆ ಒಳ್ಳೆಯದಾದ ದಾರಿ ಇನ್ನೊಂದಕ್ಕೆ ಕೆಟ್ಟದ್ದಾಗಬಹುದು.

ಎರಡನೆಯದು, ಬ್ರೇಕ್ ಯಾರ ಕೈಯಲ್ಲಿದೆ? ಆಗಬಾರದ್ದು ಆಗುತ್ತಿದ್ದಾಗ ತಡೆಯಲು ಕೈಲಾಗಲಿಲ್ಲ ಎನ್ನುವುದೇ ಟ್ರಾಮಾದ, ಅಂದರೆ ಮನಸ್ಸಿಗಾದ ಆಳವಾದ ಗಾಯದ ತಿರುಳು. ಅದನ್ನು ವಾಸಿ ಮಾಡುತ್ತೇವೆ ಎನ್ನುವ ಜಾಗದಲ್ಲೂ ತಡೆಯಲು ಆಗದಿದ್ದರೆ ಹಳೆಯದೇ ಮತ್ತೆ ನಡೆದಂತೆ. ಕಣ್ಣು ತೆರೆಯಬಹುದಾ? ಮಧ್ಯದಲ್ಲಿ ಮಾಮೂಲಿ ಉಸಿರಾಟಕ್ಕೆ ಮರಳಬಹುದಾ? ಮುಟ್ಟಬೇಡಿ ಅನ್ನಬಹುದಾ? ಎದ್ದು ಹೊರಗೆ ಹೋಗಬಹುದಾ? ತಡೆಯಬೇಡಿ, ಪೂರ್ತಿ ಒಪ್ಪಿಸಿಕೊಳ್ಳಿ ಎಂದೇ ಮತ್ತೆ ಮತ್ತೆ ಹೇಳುವವರ ಹತ್ತಿರ ಇವಕ್ಕೆ ನೇರ ಉತ್ತರ ಸಿಗುವುದು ಕಷ್ಟ.

ಮೂರನೆಯದನ್ನು ಯಾರೂ ಕೇಳುವುದಿಲ್ಲ: ಮುಂದಿನ ವಾರ ಏನು? ಸೆಷನ್ ಮುಗಿದು ಎರಡು ಮೂರು ದಿನಗಳ ಮೇಲೆ ಕೆಲಸದ ಮಧ್ಯೆ ಸುಮ್‌ಸುಮ್ನೆ ಅಳು ಉಕ್ಕಿದರೆ ಯಾರಿಗೆ ಫೋನ್ ಮಾಡುತ್ತೀರಿ? ಒಂದು ಹೆಸರೂ ಹೊಳೆಯದಿದ್ದರೆ ಮೃದುವಾದ ದಾರಿಯನ್ನೇ ಹಿಡಿಯಿರಿ.

ಆರೋಗ್ಯ, ದುಡ್ಡು, ಸಮಯ ಇದ್ದೇ ಇವೆ. ಅವನ್ನು ಮುಂದೆ ಒಂದೊಂದು ದಾರಿಯ ಜೊತೆಗೇ ಹೇಳುತ್ತೇನೆ.

ನಿಧಾನ ಉಸಿರು, ವೇಗದ ಉಸಿರು

ಸುಮ್ಮನೆ ಕೂತಿರುವ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಇದನ್ನು ಐದಾರಕ್ಕೆ ಇಳಿಸಿ, ಹೊರಬಿಡುವ ಉಸಿರನ್ನು ಉದ್ದ ಮಾಡಿದರೆ ದೇಹವನ್ನು ಶಾಂತ ಮಾಡುವ ವೇಗಸ್ ನರದ ಪ್ರಭಾವ ಹೆಚ್ಚುತ್ತದೆ. ಎದೆಬಡಿತ ಉಸಿರಿನ ಜೊತೆ ಹದವಾಗಿ ಏರಿಳಿಯುತ್ತದೆ. ಸದ್ಯಕ್ಕೆ ಅಪಾಯವಿಲ್ಲ ಎಂಬ ಸುದ್ದಿ ದೇಹಕ್ಕೆ ಮುಟ್ಟುತ್ತದೆ.

ವೇಗವಾಗಿ, ಆಳವಾಗಿ, ನಡುವೆ ನಿಲ್ಲಿಸದೆ ಉಸಿರಾಡಿದರೆ ಆಗುವುದು ಇದರ ಉಲ್ಟಾ. ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಹೋಗುತ್ತದೆ. ರಕ್ತ ಕ್ಷಾರದ ಕಡೆಗೆ ವಾಲುತ್ತದೆ. ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತುಟಿ, ಬೆರಳು ಜುಮ್ಮೆನ್ನುತ್ತವೆ, ಕೈ ಸೆಟೆದುಕೊಳ್ಳುತ್ತದೆ, ತಲೆ ಹಗುರಾಗುತ್ತದೆ. ಮುಂದೆ ಹೋದರೆ ಚಿತ್ರಗಳು, ಮುಖಗಳು, ಹಳೆಯ ನೆನಪು, ಕಾರಣವಿಲ್ಲದ ಅಳು. ಬ್ರೆತ್‌ವರ್ಕ್ ಮಾಡುವವರನ್ನೇ ಅಳೆದು ನೋಡಿದ 2025ರ ಒಂದು ಅಧ್ಯಯನದಲ್ಲೂ ಇಂಗಾಲದ ಡೈಆಕ್ಸೈಡ್ ಇಳಿಯುವುದಕ್ಕೂ ಪ್ರಜ್ಞೆಯ ಸ್ಥಿತಿ ಬದಲಾಗುವುದಕ್ಕೂ ನಂಟು ಕಂಡಿತು.

ಇದನ್ನು ತಿಳಿದಿರಲೇಬೇಕು. ಯಾಕೆಂದರೆ ಕೈ ಸೆಟೆದಾಗ, ಇದು ನಿಮ್ಮ ಅಜ್ಜಿ ಹಿಡಿದಿಟ್ಟಿದ್ದ ದುಃಖ, ಈಗ ಹೊರಗೆ ಹೋಗುತ್ತಿದೆ ಎಂದು ಹೇಳುವ ಗೈಡ್‌ಗಳಿದ್ದಾರೆ. ಅದು ರಕ್ತದ ರಸಾಯನ. ಅಜ್ಜಿ ಸುಖವಾಗಿ ಬಾಳಿ ಹೋಗಿದ್ದರೂ ಕೈ ಸೆಟೆಯುತ್ತದೆ. ಹಾಗಂತ ಆ ಹೊತ್ತಿನಲ್ಲಿ ಬಂದ ಅಳು ಸುಳ್ಳಲ್ಲ. ಅಳು ನಿಮ್ಮದೇ. ಅದಕ್ಕೆ ಹಚ್ಚಿದ ಕಾರಣದ ಬಗ್ಗೆ ಮಾತ್ರ ಅನುಮಾನ ಇಟ್ಟುಕೊಳ್ಳಿ.

ಹಿರಿಯರ ನೋವು ನಮಗೆ ಇಳಿಯುತ್ತದಾ?

ಈ ಚರ್ಚೆಯಲ್ಲಿ ಎಪಿಜೆನೆಟಿಕ್ಸ್ (ಜೀನ್ ಬದಲಾಗದೆ ಅದು ಕೆಲಸ ಮಾಡುವ ರೀತಿ ಬದಲಾಗುವುದರ ಅಧ್ಯಯನ) ಎಂಬ ಮಾತು ಬಂದೇ ಬರುತ್ತದೆ. ಹೆಚ್ಚಾಗಿ ಹೆಸರಿಸುವುದು ಸಂಶೋಧಕಿ ರೇಚಲ್ ಯೆಹೂದಾ ಅವರ ತಂಡದ ಕೆಲಸವನ್ನು. ನಾಜಿಗಳ ಹತ್ಯಾಕಾಂಡದಲ್ಲಿ ಬದುಕುಳಿದ 32 ಜನರನ್ನೂ ಅವರ 22 ಮಕ್ಕಳನ್ನೂ ಪರೀಕ್ಷಿಸಿ, ಒತ್ತಡದ ಹಾರ್ಮೋನಿಗೆ ಸಂಬಂಧಿಸಿದ ಒಂದು ಜೀನ್ ಮೇಲಿನ ರಾಸಾಯನಿಕ ಗುರುತಿನಲ್ಲಿ ಇಬ್ಬರಲ್ಲೂ ವ್ಯತ್ಯಾಸ ಕಂಡಿತು ಎಂದು ಅವರು 2015ರಲ್ಲಿ ವರದಿ ಮಾಡಿದರು. ತಮಾಷೆ ಅಂದರೆ ತಂದೆತಾಯಿಯಲ್ಲಿ ಆ ಗುರುತು ಹೆಚ್ಚಾಗಿತ್ತು, ಮಕ್ಕಳಲ್ಲಿ ಕಡಿಮೆಯಾಗಿತ್ತು. ಇದು ಚಿಕ್ಕ ಅಧ್ಯಯನ. ಅದು ಮಾತಾಡುವುದು ದೇಹ ಒತ್ತಡಕ್ಕೆ ಸ್ಪಂದಿಸುವ ರೀತಿಯ ಬಗ್ಗೆ. ಅಜ್ಜನ ನೆನಪುಗಳು ಮೊಮ್ಮಗನ ಜೀವಕೋಶದಲ್ಲಿ ಕೂತಿವೆ ಎಂದು ಅದು ಹೇಳಿಲ್ಲ.

ನೋವು ಇಳಿದು ಬರಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ, ಅಲ್ವಾ? ಮಾತಾಡಬಾರದ ವಿಷಯಗಳು, ಬಾಗಿಲು ಬಡಿದರೆ ಅಮ್ಮನ ಮುಖ ಬಿಳುಚುವುದು, ಮಕ್ಕಳನ್ನು ಅಪ್ಪಿಕೊಳ್ಳಲು ಬಾರದ ಅಪ್ಪ. ಮನೆಯಲ್ಲಿ ಬೆಳೆದ ಮಗು ಇದನ್ನೆಲ್ಲ ನೋಡಿಯೇ ಕಲಿತಿರುತ್ತದೆ. ಕಲಿತದ್ದನ್ನು ಬದಲಿಸಲು ಒಂದೇ ದಿನದ ದೊಡ್ಡ ಅನುಭವಕ್ಕಿಂತ ದಿನದಿನದ ಚಿಕ್ಕ ಅಭ್ಯಾಸ ಜಾಸ್ತಿ ಕೆಲಸಕ್ಕೆ ಬರುತ್ತದೆ ಎಂದು ನನ್ನ ಅನಿಸಿಕೆ.

ಮನೆಯಲ್ಲೇ ನಿಧಾನ ಉಸಿರು

ಖರ್ಚಿಲ್ಲ, ಬ್ರೇಕ್ ನಿಮ್ಮ ಕೈಯಲ್ಲೇ ಇರುತ್ತದೆ, ದಿನಕ್ಕೆ ಐದು ಹತ್ತು ನಿಮಿಷ ಸಾಕು. ಭ್ರಾಮರಿ, ನಾಡಿಶೋಧನ ಈ ಗುಂಪಿಗೆ ಸೇರುತ್ತವೆ. ವೇಗದ ಉಸಿರಿನ ಭಸ್ತ್ರಿಕಾ, ಕಪಾಲಭಾತಿ ಸೇರುವುದಿಲ್ಲ. ಪ್ರಾಣಾಯಾಮ ಎಂದ ಮಾತ್ರಕ್ಕೆ ಎಲ್ಲವೂ ಮೃದು ಅಂತಲ್ಲ.

ಇನ್ನೂ ಸುಲಭವಾದದ್ದು ನಿಟ್ಟುಸಿರು. ಮೂಗಿನಿಂದ ಒಮ್ಮೆ ಉಸಿರು ತುಂಬಿಕೊಳ್ಳಿ, ಅದರ ಮೇಲೆ ಇನ್ನೊಂದಿಷ್ಟು ಎಳೆದುಕೊಳ್ಳಿ, ಆಮೇಲೆ ಬಾಯಿಂದ ನಿಧಾನವಾಗಿ ಪೂರ್ತಿ ಬಿಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇದನ್ನು ದಿನಕ್ಕೆ 5 ನಿಮಿಷದಂತೆ ಒಂದು ತಿಂಗಳು ಮಾಡಿಸಿ, 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಷ್ಟೇ ಹೊತ್ತು ಧ್ಯಾನ ಮಾಡಿದವರಿಗಿಂತ ಇವರ ಮನಸ್ಥಿತಿ ಹೆಚ್ಚು ಸುಧಾರಿಸಿತ್ತು.

ಇಲ್ಲಿ ಹಿರಿಯರಿಗೆ ಜಾಗ ಎಲ್ಲಿ ಎಂದು ಕೇಳಬಹುದು. ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇಲ್ಲಿದೆ. ಇಟಲಿಯ ಲೂಚಾನೋ ಬೆರ್ನಾರ್ದಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲ್ಯಾಟಿನ್‌ನ 'ಆವೆ ಮರಿಯಾ' ಪ್ರಾರ್ಥನೆ ಹೇಳಿದಾಗಲೂ 'ಓಂ ಮಣಿ ಪದ್ಮೇ ಹೂಂ' ಮಂತ್ರ ಹೇಳಿದಾಗಲೂ ಉಸಿರು ತಾನಾಗೇ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಜನ ಉಸಿರನ್ನು ಎಣಿಸುತ್ತಿರಲಿಲ್ಲ, ಸುಮ್ನೆ ಜಪಿಸುತ್ತಿದ್ದರು. ಹಾಗಾಗಿ ನಿಮ್ಮ ಅಜ್ಜಿಯೋ ಮುತ್ತಜ್ಜನೋ ಹೇಳುತ್ತಿದ್ದ ಪ್ರಾರ್ಥನೆ, ಜೋಗುಳ, ಹಾಡು ಯಾವುದಾದರೂ ನೆನಪಿದ್ದರೆ ಅದನ್ನೇ ಉಸಿರಾಟದ ಅಭ್ಯಾಸ ಮಾಡಿಕೊಳ್ಳಿ. ಒಂದು ಸಾಲಿಗೆ ಒಂದು ಉಸಿರು. ಅವರು ಉಸಿರು ತೆಗೆದುಕೊಂಡ ಜಾಗದಲ್ಲೇ ನೀವೂ ತೆಗೆದುಕೊಳ್ಳುತ್ತೀರಿ. ಹಿರಿಯರ ಜೊತೆ ಸೇರುವುದಕ್ಕೆ ಇದಕ್ಕಿಂತ ನೇರವಾದ ದಾರಿ ನನಗೆ ಗೊತ್ತಿಲ್ಲ. ಕೊನೆಗೆ ಕಣ್ಣು ತೆರೆದು ಕೋಣೆಯನ್ನು ಒಮ್ಮೆ ನೋಡಿ, ಇದು ಯಾವ ವರ್ಷ, ನಾನೆಲ್ಲಿದ್ದೇನೆ ಎಂದು ಹೇಳಿಕೊಂಡು ಏಳಿ.

ಕೊರತೆಯೂ ಇದೆ. ದೊಡ್ಡದೇನೋ ಆಗಲಿ ಎಂದು ಕಾಯುವವರಿಗೆ ಇದು ಸಪ್ಪೆ. ಒಬ್ಬರೇ ಮಾಡುವಾಗ ಬಿಟ್ಟುಬಿಡುವುದೂ ಸುಲಭ. ಇನ್ನೊಂದು ವಿಷಯ ಗಂಭೀರವಾದದ್ದು. ನೀರಲ್ಲಿ ಮುಳುಗಿ ಬದುಕಿದವರು, ಕತ್ತು ಹಿಸುಕಿಸಿಕೊಂಡವರು, ಪ್ಯಾನಿಕ್ ಅಟ್ಯಾಕ್ ಇರುವವರು ಉಸಿರಿನ ಕಡೆ ಗಮನ ಕೊಟ್ಟ ಕೂಡಲೇ ಗಾಬರಿ ಹೆಚ್ಚಬಹುದು. ಅಂಥವರು ಕಣ್ಣು ತೆರೆದೇ ಇರಲಿ, ಗಮನ ಪಾದದ ಮೇಲಿರಲಿ, ಎಣಿಕೆ ಬಿಟ್ಟು ಗುನುಗಲಿ. ಅದೂ ಆಗದಿದ್ದರೆ ಉಸಿರನ್ನು ಬಿಟ್ಟು ನಡಿಗೆ ಹಿಡಿಯಲಿ. ಬ್ರೆತ್‌ವರ್ಕ್ ಎಲ್ಲರಿಗೂ ಹೊಂದಲೇಬೇಕು ಅಂತೇನಿಲ್ಲ.

ಕಲಿಸಿಕೊಡುವ ಕೋರ್ಸ್

ಶಿಸ್ತು ಬೇಕು, ಜೊತೆಗೆ ನಾಲ್ಕು ಜನ ಬೇಕು ಅನ್ನುವವರಿಗೆ ಇದು ಮಧ್ಯದ ದಾರಿ. ಖರ್ಚೂ ಮಧ್ಯಮ. ಸುದರ್ಶನ ಕ್ರಿಯೆಯಂಥ ಕೋರ್ಸುಗಳಲ್ಲಿ ನಿಧಾನ, ವೇಗ ಎರಡೂ ಲಯಗಳು ಬರುತ್ತವೆ. ಅಮೆರಿಕದ 21 ಮಾಜಿ ಯೋಧರಲ್ಲಿ ಕೆಲವರಿಗೆ ಇದನ್ನು 7 ದಿನ ಕಲಿಸಿ, ಉಳಿದವರನ್ನು ಕಾಯಲು ಬಿಟ್ಟು ಹೋಲಿಸಿದ ಅಧ್ಯಯನ 2014ರಲ್ಲಿ ಬಂತು. ಕಲಿತವರಲ್ಲಿ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ಲಕ್ಷಣಗಳು ಕಡಿಮೆಯಾದವು. ಒಂದು ವರ್ಷದ ಮೇಲೂ ಆ ಗುಣ ಉಳಿದಿತ್ತು. ಜನ ಕಡಿಮೆ, ಆದರೂ ಟ್ರಾಮಾ ಇದ್ದವರ ಮೇಲೆಯೇ ಮಾಡಿದ ಅಧ್ಯಯನ ಎಂಬ ಕಾರಣಕ್ಕೆ ಅದಕ್ಕೆ ತೂಕವಿದೆ.

ಇಲ್ಲಿ ಹಿರಿಯರ ವಿಷಯ ಸಾಮಾನ್ಯವಾಗಿ ಬರುವುದಿಲ್ಲ. ಗುಂಪು ದೊಡ್ಡದಾಗಿದ್ದರೆ ನಿಮ್ಮನ್ನೇ ಗಮನಿಸುವವರೂ ಇರುವುದಿಲ್ಲ. ವಿಮ್ ಹಾಫ್ ವಿಧಾನವನ್ನೂ ಕೆಲವರು ಈ ಪಟ್ಟಿಗೆ ಸೇರಿಸುತ್ತಾರೆ. 30ರಷ್ಟು ಆಳವಾದ ಉಸಿರು, ಆಮೇಲೆ ಉಸಿರು ಹಿಡಿಯುವುದು. ಅದರ ಗುರಿ ದೇಹದ ಗಟ್ಟಿತನ. ಈ ಕೆಲಸಕ್ಕೆ ಅದು ಬೇಕಿಲ್ಲ. ಮಾಡಿದರೂ ನೀರಿನ ಹತ್ತಿರ, ಗಾಡಿ ಓಡಿಸುವಾಗ ಯಾವತ್ತೂ ಬೇಡ. ಎಚ್ಚರ ತಪ್ಪಿದರೆ ಜೀವಕ್ಕೇ ಅಪಾಯ.

ಹೋಲೋಟ್ರೋಪಿಕ್ ಮತ್ತು ನಿಲ್ಲಿಸದ ಉಸಿರಾಟ

ಸ್ತಾನಿಸ್ಲಾವ್ ಗ್ರೋಫ್ ಎಂಬ ಮನೋವೈದ್ಯರು ಮೊದಲು ಪ್ರಾಗ್‌ನಲ್ಲಿ, ಆಮೇಲೆ ಅಮೆರಿಕದಲ್ಲಿ ಎಲ್‌ಎಸ್‌ಡಿ ಎಂಬ ಭ್ರಮೆ ತರಿಸುವ ಔಷಧಿಯ ಸಂಶೋಧನೆ ಮಾಡುತ್ತಿದ್ದರು. ಆ ಬಾಗಿಲು ಮುಚ್ಚಿದ ಮೇಲೆ, 1970ರ ದಶಕದ ಮಧ್ಯದಲ್ಲಿ, ಹೆಂಡತಿ ಕ್ರಿಸ್ಟೀನಾ ಜೊತೆ ಕ್ಯಾಲಿಫೋರ್ನಿಯಾದ ಎಸಲೆನ್ ಸಂಸ್ಥೆಯಲ್ಲಿ ಹೋಲೋಟ್ರೋಪಿಕ್ ಬ್ರೆತ್‌ವರ್ಕ್ ರೂಪಿಸಿದರು. ಔಷಧಿ ಇಲ್ಲದೆ ಅಂಥದೇ ಸ್ಥಿತಿ ತರುವುದು ಇದರ ಉದ್ದೇಶ. ಎರಡು ಮೂರು ಗಂಟೆ ಮಲಗಿ, ಜೋರು ಸಂಗೀತದ ನಡುವೆ ವೇಗವಾಗಿ ಉಸಿರಾಡಬೇಕು. ಪಕ್ಕದಲ್ಲಿ ಕಾವಲಿಗೆ ಒಬ್ಬರು ಕೂರುತ್ತಾರೆ. ಮುಗಿದ ಮೇಲೆ ಮಂಡಲ ಬಿಡಿಸುವುದು, ಗುಂಪಿನಲ್ಲಿ ಹಂಚಿಕೊಳ್ಳುವುದು. ಗ್ರೋಫ್ ಮಾಡಿದ ಅನುಭವಗಳ ವಿಂಗಡಣೆಯಲ್ಲಿ ಪೂರ್ವಿಕರ ಅನುಭವಕ್ಕೂ ಒಂದು ಜಾಗವಿದೆ. ಹಿರಿಯರನ್ನು ಹುಡುಕುವವರು ಇಲ್ಲಿಗೆ ಬರಲು ಅದೂ ಒಂದು ಕಾರಣ. ಅದೇ ದಶಕದಲ್ಲಿ ಲಿಯೊನಾರ್ಡ್ ಆರ್ ಶುರು ಮಾಡಿದ ರೀಬರ್ತಿಂಗ್ ಕೂಡ ಒಳ ಉಸಿರು, ಹೊರ ಉಸಿರಿನ ನಡುವೆ ಅಂತರ ಬಿಡದ ವಿಧಾನವೇ. ಅದನ್ನು ಹೆಚ್ಚಾಗಿ ಒಬ್ಬರಿಗೊಬ್ಬರಂತೆ ಮಾಡಿಸುತ್ತಾರೆ.

ಎರಡರಲ್ಲಿ ಆರಿಸುವುದಾದರೆ ಟ್ರಾಮಾ ಇದ್ದವರಿಗೆ ನಾನು ಒಬ್ಬರಿಗೊಬ್ಬರು ಮಾಡಿಸುವುದನ್ನೇ ಹೇಳುತ್ತೇನೆ, ಮಾಡಿಸುವವರು ಪಳಗಿದವರಾಗಿದ್ದರೆ. ವೇಗ ತಗ್ಗಿಸಬಹುದು, ನಿಲ್ಲಿಸಬಹುದು, ಮುಂದಿನ ವಾರವೂ ಅದೇ ಮನುಷ್ಯ ಸಿಗುತ್ತಾರೆ. ಶಿಬಿರದ ಬಲ ಬೇರೆ. ಪಕ್ಕದವರು ಅಳುವುದನ್ನು ಕೇಳಿ ನಿಮ್ಮ ಕಟ್ಟೆಯೂ ಒಡೆಯುತ್ತದೆ. ಅದೇ ಅದರ ಅಪಾಯ ಕೂಡ. ಪಕ್ಕದವರ ಕಿರುಚಾಟ ನಿಮ್ಮ ಹಳೆಯ ರಾತ್ರಿಯೊಂದನ್ನು ಕೆರಳಿಸಬಹುದು. ಖರ್ಚು ಎರಡಕ್ಕೂ ಜಾಸ್ತಿಯೇ. ಶಿಬಿರದ ದುಡ್ಡು ಒಂದೇ ಸಲ ಹೋಗುತ್ತದೆ, ಒಬ್ಬರಿಗೊಬ್ಬರದ್ದು ಕಂತು ಕಂತಾಗಿ ಹೋಗುತ್ತದೆ.

ಬಸುರಿಯರು, ಹೃದಯದ ಕಾಯಿಲೆ ಅಥವಾ ಹತೋಟಿಗೆ ಬಾರದ ಬಿಪಿ ಇರುವವರು, ಮೂರ್ಛೆರೋಗ, ಗ್ಲಾಕೋಮಾ, ಕಣ್ಣಿನ ರೆಟಿನಾ ತೊಂದರೆ ಇರುವವರು, ಈಚೆಗೆ ಆಪರೇಷನ್ ಆದವರು, ಬೈಪೋಲಾರ್ (ಮನಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ) ಅಥವಾ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವುದು) ಆಗಿರುವವರು ವೇಗದ ಉಸಿರಾಟಕ್ಕೆ ಹೋಗಬಾರದು. ಆಸ್ತಮಾ ಇದ್ದರೆ ಡಾಕ್ಟರನ್ನು ಕೇಳಿ. ಇದನ್ನೆಲ್ಲ ವಿಚಾರಿಸದೆ ದುಡ್ಡು ತೆಗೆದುಕೊಂಡವರ ಹತ್ತಿರ ಹೋಗಲೇಬೇಡಿ. ರೆಕಾರ್ಡಿಂಗ್ ಹಾಕಿಕೊಂಡು ಒಬ್ಬರೇ ಮಾಡುವುದೂ ಬೇಡ. ರೆಕಾರ್ಡಿಂಗ್‌ಗೆ ನಿಮ್ಮ ಮುಖ ಕಾಣುವುದಿಲ್ಲ.

ಹಿರಿಯರ ಹೆಸರಿನ ಕೂಟಗಳು

ಇಲ್ಲಿ ಉಸಿರಾಟದ ಜೊತೆ ಮಾತೂ ಸೇರುತ್ತದೆ. ನಿಮ್ಮ ಬೆನ್ನ ಹಿಂದೆ ಅಪ್ಪ ಅಮ್ಮ, ಅವರ ಹಿಂದೆ ಅವರ ಅಪ್ಪ ಅಮ್ಮ ನಿಂತಿದ್ದಾರೆ ಎಂದು ಕಲ್ಪಿಸಿಕೊಳ್ಳಲು ಹೇಳುತ್ತಾರೆ. ತಮಟೆ, ಹಾಡು ಇರಬಹುದು. ಒಂಟಿತನಕ್ಕೆ ಇದು ಒಳ್ಳೆಯ ಮದ್ದು. ತನ್ನ ಹಿಂದೆ ಒಂದು ಸಾಲು ಇದೆ ಅನಿಸುವುದೇ ಕೆಲವರಿಗೆ ದೊಡ್ಡ ನೆಮ್ಮದಿ.

ಕಲ್ಪನೆಗೆ ಹಚ್ಚಿದಾಗ ಮನಸ್ಸು ಸುಮ್ಮನಿರುವುದಿಲ್ಲ ಎನ್ನುವುದೇ ಇಲ್ಲಿನ ಕಷ್ಟ. ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 24 ಜನರಿಗೆ, ನೀವು ಚಿಕ್ಕವರಿದ್ದಾಗ ಮಾಲ್‌ನಲ್ಲಿ ಕಳೆದುಹೋಗಿದ್ದಿರಿ ಎಂಬ ಕಟ್ಟುಕತೆಯನ್ನು ನಿಜದಂತೆ ಹೇಳಲಾಯಿತು. ಸುಮಾರು ಕಾಲು ಭಾಗ ಜನ ಅದು ನೆನಪಿದೆ ಎಂದರು. ಅವರು ಎಚ್ಚರವಾಗಿಯೇ ಇದ್ದರು, ಉಸಿರಾಟ, ತಮಟೆ ಏನೂ ಇರಲಿಲ್ಲ. ಆದ್ದರಿಂದ ಕೂಟದಲ್ಲಿ ಮುತ್ತಜ್ಜಿ ಬಂದು ಏನೋ ಹೇಳಿದಂತಾದರೆ ಅದನ್ನು ಕನಸಿನಂತೆ ಗೌರವದಿಂದ ಬರೆದಿಟ್ಟುಕೊಳ್ಳಿ. ಆದರೆ ಅದನ್ನೇ ಸಾಕ್ಷಿ ಮಾಡಿಕೊಂಡು ಬದುಕಿರುವ ಚಿಕ್ಕಪ್ಪನ ಮೇಲೆ ಆರೋಪ ಹೊರಿಸಬೇಡಿ. ನಿಜ ತಿಳಿಯಬೇಕಿದ್ದರೆ ಮನೆಯ ದೊಡ್ಡವರನ್ನು ಕೇಳಿ, ಹಳೆಯ ಕಾಗದ ಪತ್ರ ನೋಡಿ.

ನಿಮ್ಮನ್ನು ನೋಯಿಸಿದವರು ಹಿರಿಯರೇ ಆಗಿದ್ದರೆ? ಇಂಥ ಕೂಟಗಳಲ್ಲಿ ಕ್ಷಮೆಯ ಒತ್ತಡ ಜಾಸ್ತಿ. ಹೊಡೆದ ಅಪ್ಪನಿಗೆ ತಲೆಬಾಗಿ ಎಂದು ನಲವತ್ತು ಜನರ ಮುಂದೆ ಹೇಳಿಸಿಕೊಳ್ಳುವ ಅಗತ್ಯ ಯಾರಿಗೂ ಇಲ್ಲ. ಯಾವ ಹಿರಿಯರನ್ನು ನೆನೆಯಬೇಕು, ಯಾರನ್ನು ಹೊರಗಿಡಬೇಕು ಎನ್ನುವುದು ನಿಮಗೆ ಬಿಟ್ಟದ್ದು ಎಂದು ನಡೆಸುವವರು ಮೊದಲೇ ಹೇಳಬೇಕು. ದತ್ತು ಹೋದವರಿಗೆ, ಹಿರಿಯರ ಹೆಸರೇ ಗೊತ್ತಿಲ್ಲದವರಿಗೆ ಏನು ಮಾಡಿಸುತ್ತೀರಿ ಎಂದೂ ಕೇಳಿ. ಅದಕ್ಕೆ ಉತ್ತರ ಇದ್ದರೆ ಅವರು ಯೋಚಿಸಿದ್ದಾರೆ ಎಂದು ಅರ್ಥ.

ಥೆರಪಿಸ್ಟ್

ದುಃಸ್ವಪ್ನ, ಘಟನೆ ಕಣ್ಣ ಮುಂದೆ ಮತ್ತೆ ನಡೆದಂತಾಗುವುದು, ಸಾಯಬೇಕು ಅನಿಸುವುದು, ಕುಡಿತ ಕೈಮೀರುವುದು ಇದ್ದರೆ ಮೊದಲ ಬಾಗಿಲು ಇದೇ. ಪಿಟಿಎಸ್‌ಡಿಗೆ ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಹೇಳಿದ್ದು ಟ್ರಾಮಾಕ್ಕೆಂದೇ ರೂಪಿಸಿದ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವುದು) ಮತ್ತು ಇಎಂಡಿಆರ್ (ಕಣ್ಣು ಅತ್ತಿತ್ತ ಆಡಿಸುತ್ತಾ ಕೆಟ್ಟ ನೆನಪನ್ನು ಎದುರಿಸುವುದು) ಚಿಕಿತ್ಸೆಗಳನ್ನು. ನಿಧಾನ ಉಸಿರನ್ನು ಇದರ ಜೊತೆಗೆ ಮಾಡಬಹುದು, ಇದರ ಬದಲಿಗೆ ಬೇಡ. ತಿಂಗಳುಗಟ್ಟಲೆ ಹೋಗಬೇಕು, ಖರ್ಚಿದೆ, ಹಿರಿಯರ ವಿಷಯದಲ್ಲಿ ಆಸಕ್ತಿ ಇಲ್ಲದ ಥೆರಪಿಸ್ಟ್ ಕೂಡ ಸಿಗಬಹುದು. ಇದು ನನಗೆ ಮುಖ್ಯ ಎಂದು ಮೊದಲ ಭೇಟಿಯಲ್ಲೇ ಹೇಳಿ.

ಹಾಗಾದರೆ ಯಾವುದು?

ದುಡ್ಡಿಲ್ಲ, ನಂಬುವಂಥ ಗೈಡ್ ಹತ್ತಿರದಲ್ಲಿಲ್ಲ ಎಂದರೆ ಮನೆಯ ನಿಧಾನ ಉಸಿರು, ಜೊತೆಗೆ ಹಿರಿಯರ ಒಂದು ಹಾಡು. ಇದನ್ನು ಎರಡನೇ ದರ್ಜೆ ಎಂದು ತಿಳಿಯಬೇಡಿ, ಹಿರಿಯರ ನಂಟಿಗೆ ನನ್ನ ಮೊದಲ ಆಯ್ಕೆಯೇ ಇದು. ಒಬ್ಬರೇ ಮಾಡಲಾಗದವರಿಗೆ ಕೋರ್ಸ್. ನಿದ್ದೆ, ಊಟ, ಕೆಲಸ ನೆಟ್ಟಗಿದ್ದು, ಒಳಗೆ ಏನೋ ಕಟ್ಟಿಕೊಂಡಿದೆ ಎಂದು ಬಹಳ ದಿನದಿಂದ ಅನಿಸುತ್ತಿದ್ದರೆ ಒಬ್ಬರಿಗೊಬ್ಬರು ಮಾಡಿಸುವ ನಿಲ್ಲಿಸದ ಉಸಿರಾಟ. ಶಿಬಿರ ಅದರ ನಂತರ. ನೆಮ್ಮದಿಯಾಗಿರುವವರಿಗೆ, ಕುತೂಹಲಕ್ಕೆ ಹೋಗುವವರಿಗೆ ಹಿರಿಯರ ಕೂಟ ಚೆನ್ನ. ಹಸಿ ಗಾಯ ಹೊತ್ತವರಿಗೆ ಈಗಲೇ ಬೇಡ. ದುಡ್ಡು ಒಂದಕ್ಕೆ ಮಾತ್ರ ಸಾಲುತ್ತದೆ, ಗಾಯವೂ ಆಳವಾಗಿದೆ ಎಂದಾದರೆ ಶಿಬಿರಕ್ಕೆ ಕೊಡುವ ಮೊತ್ತವನ್ನು ಥೆರಪಿಸ್ಟ್‌ಗೆ ಕೊಡಿ.

ಶಿಬಿರಕ್ಕೇ ಹೋಗುವುದಾದರೆ ನಡೆಸುವವರು ಎಲ್ಲಿ, ಎಷ್ಟು ಕಾಲ ಕಲಿತರು, ಒಬ್ಬ ಸಹಾಯಕರಿಗೆ ಎಷ್ಟು ಜನ, ಮುಟ್ಟುವ ಮೊದಲು ಕೇಳುತ್ತಾರಾ ಎಂದು ಬರೆದು ಕೇಳಿ, ಬರೆದೇ ಉತ್ತರ ಪಡೆಯಿರಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು ಹೇಳಿ, ಶಿಬಿರಕ್ಕೆಂದು ಅವನ್ನು ನಿಲ್ಲಿಸಬೇಡಿ. ಅವತ್ತು ವಾಪಸ್ ಬರುವಾಗ ಗಾಡಿ ಬೇರೆಯವರು ಓಡಿಸಲಿ. ಮಾರನೆಯ ದಿನಕ್ಕೆ ರಜೆ ಹಾಕಿ. ಕೆಲಸ ಬಿಡುವುದು, ಮದುವೆ ಮುರಿಯುವುದು, ಮನೆಯವರ ಜೊತೆ ಮಾತು ಬಿಡುವುದು ಇಂಥ ತೀರ್ಮಾನಗಳನ್ನು ಒಂದೆರಡು ವಾರ ಮುಂದೂಡಿ.